ಗರಿಗರಿ ಅಣ್ಣನ ಹ್ಯಾಂಗರ್ ಫ್ಯೂಸ್

ಫ್ಯೂಸ್ ಹೋದಾಗ ಯಾರು ಏನು ಮಾಡುತ್ತಾರೆ ಎಂಬುದರಲ್ಲಿ ಅವರವರ ಕಸುಬು ಕಾಣುತ್ತದೆ. ದರ್ಜಿ ತನ್ನ ಡಬ್ಬಿಯಲ್ಲಿ ತಂತಿಯ ತುಂಡು ಹುಡುಕುತ್ತಾನೆ. ಬಡಗಿ ಮೊಳೆ ಹುಡುಕುತ್ತಾನೆ. ಇಬ್ಬರೂ ಮಾಡುವುದು ತಪ್ಪೇ. ಆದರೆ ನಮ್ಮ ಕಥೆಯ ಲಾಂಡ್ರಿಯವನು ಇವರಿಬ್ಬರನ್ನೂ ಮೀರಿಸಿದ್ದ. ಅವನು ಬಟ್ಟೆ ನೇತುಹಾಕುವ ಕಬ್ಬಿಣದ ತಂತಿಯ ಹ್ಯಾಂಗರನ್ನೇ ಕತ್ತರಿಸಿ ಫ್ಯೂಸಿನ ಜಾಗದಲ್ಲಿ ಕೂರಿಸುತ್ತಿದ್ದ.

ಅವನನ್ನು ಬೀದಿಯವರೆಲ್ಲ ಗರಿಗರಿ ಅಣ್ಣ ಎಂದೇ ಕರೆಯುತ್ತಿದ್ದರು. ಅವನು ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯನ್ನು ನೆಲದ ಮೇಲಿಟ್ಟರೆ ತಾನಾಗಿಯೇ ನಿಲ್ಲುತ್ತದೆ ಎಂದು ತಮಾಷೆ ಮಾಡುತ್ತಿದ್ದರು. ಆ ಗಂಜಿ ಅಂಗಿಯಿಂದ ಅವನ ಸ್ವಭಾವಕ್ಕೂ ಸ್ವಲ್ಪ ಇಳಿದಿತ್ತು. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಬದಲಿಸುವ ಜಾಯಮಾನ ಅವನದಲ್ಲ. ತಾನು ಹಿಡಿದ ಮೊಲಕ್ಕೆ ಕಾಲು ಎಷ್ಟು ಎಂದು ಅವನನ್ನು ಕೇಳುವ ಧೈರ್ಯ ಇದ್ದದ್ದು ಅವನ ಹೆಂಡತಿಗೆ ಮಾತ್ರ.

“ಫ್ಯೂಸ್ ಅಂದ್ರೆ ಶುದ್ಧ ಪುಕ್ಕಲು,” ಎಂದು ಅವನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. “ಕೂದಲೆಳೆಯಂಥ ತಂತಿ. ಸ್ವಲ್ಪ ಕರೆಂಟ್ ಜಾಸ್ತಿ ಬಂದ್ರೆ ಪ್ರಾಣ ಬಿಡುತ್ತೆ. ನನ್ನ ಹ್ಯಾಂಗರ್ ನೋಡಿ. ಒದ್ದೆ ಕೋಟು ಹಾಕಿದ್ರೂ ಬಗ್ಗಲ್ಲ. ಕರೆಂಟಿಗೆ ಬಗ್ಗುತ್ತಾ?”

ಹ್ಯಾಂಗರ್ ಹಾಕಿದ ಮೇಲೆ ಫ್ಯೂಸ್ ಹೋಗುವುದು ನಿಂತೇಹೋಯಿತು ಎಂಬುದು ನಿಜ. ಬೋರ್ಡಿನ ಹಿಂದಿನ ಗೋಡೆ ಆಗಾಗ ಬೆಚ್ಚಗಾಗುತ್ತಿತ್ತು ಎಂಬುದೂ ನಿಜ. ಎರಡನೆಯದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಲಾಂಡ್ರಿಗೆ ಆಸ್ಪತ್ರೆಯ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಆಸ್ಪತ್ರೆಯ ಗಾಡಿ ಬರುವ ಹೊತ್ತಿಗೆ ಹಾಸು, ಹೊದಿಕೆ, ದಿಂಬಿನ ಚೀಲ ಎಲ್ಲವೂ ಒಣಗಿ ಮಡಿಸಿರಬೇಕು. ಅದಕ್ಕೆಂದೇ ಗಂಡ ಹೆಂಡತಿ ಇದ್ದಬದ್ದ ಉಳಿತಾಯವನ್ನೆಲ್ಲ ಸುರಿದು, ಕೋಣೆಯ ಅರ್ಧ ತುಂಬುವಂಥ ಒಣಗಿಸುವ ಯಂತ್ರ ತಂದರು. ಜಾಗ ಸಾಲದೆ ಹಳೆಯ ಸಣ್ಣ ಯಂತ್ರವನ್ನು ಮಾರಿಬಿಟ್ಟರು. ಇನ್ನು ಈ ಯಂತ್ರ ತಿರುಗಿದರೆ ಮನೆಯಲ್ಲಿ ಒಲೆ ಉರಿಯುತ್ತದೆ, ನಿಂತರೆ ಇಲ್ಲ. ಯಂತ್ರ ನಡೆಸುವ ಜವಾಬ್ದಾರಿ ಹೆಂಡತಿಯದು. ಗಂಜಿ, ಇಸ್ತ್ರಿ ಮತ್ತು ದೊಡ್ಡ ಮಾತು ಗಂಡನವು.

ಅದೇ ಸಮಯಕ್ಕೆ ವಿದ್ಯುತ್ ಕಚೇರಿಯವರು ಲಾಂಡ್ರಿಯ ಹಿಂದಿನ ಗೋಡೆಯ ಪಕ್ಕದಲ್ಲೇ ಹೊಸ ದೊಡ್ಡ ಟ್ರಾನ್ಸ್‌ಫಾರ್ಮರ್ ನಿಲ್ಲಿಸಿದರು. ದೀಪಗಳು ಬೆಳ್ಳಗೆ ಉರಿಯತೊಡಗಿದವು. ಗರಿಗರಿ ಅಣ್ಣನಿಗೆ ಹಿಗ್ಗೋ ಹಿಗ್ಗು. ಟ್ರಾನ್ಸ್‌ಫಾರ್ಮರನ್ನು ತನಗೆಂದೇ ತಂದು ನಿಲ್ಲಿಸಿದ್ದಾರೆ ಎನ್ನುವಂತೆ ಬಂದವರಿಗೆಲ್ಲ ಕಿಟಕಿಯಿಂದ ತೋರಿಸುತ್ತಿದ್ದ.

ಹೊಸ ಯಂತ್ರಕ್ಕೆ ಕರೆಂಟಿನ ಸಂಪರ್ಕ ಕೊಡಲು ಹೆಂಡತಿಯ ತಂಗಿ ಬಂದಳು. ಪೇಟೆಯ ಇನ್ನೊಂದು ತುದಿಯಲ್ಲಿ ಅವಳದು ಮೋಟಾರ್ ರಿಪೇರಿ ಅಂಗಡಿ. ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು, ಬೋರ್ಡು ಕೂರಿಸುವುದು ಅವಳ ಕೆಲಸ. ಬಾಯಿ ಮೊದಲೇ ಜೋರು, ಭಾವನನ್ನು ಕಂಡರಂತೂ ಅದಕ್ಕೆ ಇನ್ನಷ್ಟು ಹುರುಪು.

“ಏನ್ ಭಾವ, ಕೋಟುಗಳೆಲ್ಲ ಕುರ್ಚಿ ಮೇಲೆ ಮಲಗಿಬಿಟ್ಟಿವೆ? ಮೈಗೆ ಹುಷಾರಿಲ್ವಾ?”

“ಹ್ಯಾಂಗರ್ ಕಡಿಮೆ ಆಗಿವೆಯಮ್ಮಾ.”

“ಎಲ್ಲಿ ಹೋದ್ವು?”

ಹೆಂಡತಿ ಗೋಡೆಯ ಮೇಲಿನ ಬೋರ್ಡಿನ ಕಡೆ ಗದ್ದ ಎತ್ತಿ ತೋರಿಸಿದಳು. ತಂಗಿ ಮೇನ್ ಸ್ವಿಚ್ ಆರಿಸಿ, ಒಂದು ಫ್ಯೂಸ್ ಹಿಡಿಕೆಯನ್ನು ಕಿತ್ತು ನೋಡಿದಳು. ನೋಡಿದವಳು ಹಾಗೇ ಬಟ್ಟೆ ಗಂಟಿನ ಮೇಲೆ ಕುಳಿತುಬಿಟ್ಟಳು.

“ಅಕ್ಕ, ಕುಡಿಯೋಕೆ ಸ್ವಲ್ಪ ನೀರು ಕೊಡು.”

“ಹಾಕಿದ ಮೇಲೆ ಒಂದು ಸಲವೂ ಹೋಗಿಲ್ಲ,” ಎಂದ ಗರಿಗರಿ ಅಣ್ಣ ಹೆಮ್ಮೆಯಿಂದ.

“ಹೋಗದೇ ಇರೋದೇ ತೊಂದರೆ ಭಾವ. ಮೊದಲು ಯಾಕೆ ಹೋಗ್ತಿತ್ತು? ಒಂದೇ ಲೈನಿಗೆ ಇಸ್ತ್ರಿ, ಹಿಂಡೋ ಯಂತ್ರ, ನೀರೆತ್ತೋ ಮೋಟಾರು ಎಲ್ಲಾ ಸೇರಿಸಿದ್ರಿ. ವೈರು ಕಾಯ್ತಿದೆ, ಸುಟ್ಟುಹೋಗುತ್ತೆ ಅಂತ ಅದು ಹೇಳ್ತಿತ್ತು. ನೀವು ಹೇಳೋರ ಬಾಯಿಗೇ ಬಟ್ಟೆ ತುರುಕಿದ್ರಿ.”

“ಬಟ್ಟೆ ಅಲ್ಲ, ಹ್ಯಾಂಗರು,” ಎಂದು ಹೆಂಡತಿ ತಿದ್ದಿದಳು.

ತಂಗಿ ತನ್ನ ಚೀಲದಿಂದ ಮೂರು ಪಿಂಗಾಣಿ ಕೊಳವೆಗಳನ್ನು ತೆಗೆದು ಇಸ್ತ್ರಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಂದೊಂದೂ ಹೆಬ್ಬೆರಳಿಗಿಂತ ದಪ್ಪ, ಎರಡು ತುದಿಗೂ ಲೋಹದ ಟೋಪಿ. “ಹೊಸ ಯಂತ್ರಕ್ಕೆ ಇವು. ಎಚ್‌ಆರ್‌ಸಿ ಫ್ಯೂಸ್ ಅಂತಾರೆ. ಶಾರ್ಟ್ ಸರ್ಕ್ಯೂಟ್ ಆದಾಗ ಕರೆಂಟನ್ನ ಏರೋಕೇ ಬಿಡದೆ ತಡೆಯೋ ಫ್ಯೂಸ್. ಯಂತ್ರ ಶುರುವಾಗೋವಾಗ ಸ್ವಲ್ಪ ಜಾಸ್ತಿ ಎಳೆಯುತ್ತಲ್ಲ, ಅಷ್ಟಕ್ಕೆಲ್ಲ ಇದು ಹೆದರಲ್ಲ.”

ಗರಿಗರಿ ಅಣ್ಣ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿದ. “ಒಳಗೇನಿದೆ?”

“ತೆಳ್ಳನೆ ಬೆಳ್ಳಿ ಪಟ್ಟಿ. ಅದರ ಸುತ್ತ ಒತ್ತಿ ತುಂಬಿರೋ ಮರಳು.”

“ಮರಳು?” ಅವನು ನಕ್ಕ ನಗುವಿಗೆ ಗರಿಗರಿ ಕಾಲರ್ ಕತ್ತಿಗೆ ಚುಚ್ಚಿತು. “ಹೊಳೆ ದಂಡೇಲಿ ಪುಕ್ಕಟೆ ಸಿಗೋದನ್ನ ಕೊಳವೇಲಿ ತುಂಬಿ ಮಾರ್ತಾರೆ, ನೀನು ನಂಬ್ತೀಯ.”

ಭಾವನಿಗೆ ಹೇಳುವುದು ಗೋಡೆಗೆ ಹೇಳಿದಂತೆ ಎಂದು ತಂಗಿಗೆ ಗೊತ್ತಿತ್ತು. ಅವಳು ಅಕ್ಕನ ಕಡೆ ತಿರುಗಿದಳು. “ನೋಡಕ್ಕ, ಕರೆಂಟು ಮೋಟಾರಿಗೆ ಹೋಗಿ, ಕೆಲಸ ಮಾಡಿ ವಾಪಸ್ ಬರಬೇಕು. ಎರಡು ವೈರು ಮಧ್ಯದಲ್ಲೇ ತಾಗಿಬಿಟ್ರೆ ಅದಕ್ಕೆ ಕೆಲಸವೇ ಇಲ್ಲ, ಅಡ್ಡದಾರಿ ಹಿಡಿಯುತ್ತೆ. ಅದೇ ಶಾರ್ಟ್ ಸರ್ಕ್ಯೂಟ್. ಆಗ ಹತ್ತಿಪ್ಪತ್ತು ಆಂಪ್ ಹರಿಯೋ ಕಡೆ ಸಾವಿರಗಟ್ಟಲೆ ಆಂಪ್ ನುಗ್ಗುತ್ತೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಇದ್ದಷ್ಟೂ ಜಾಸ್ತಿ ನುಗ್ಗುತ್ತೆ.”

ಕಿಟಕಿಯಾಚೆಯ ಟ್ರಾನ್ಸ್‌ಫಾರ್ಮರನ್ನು ಹೆಂಡತಿ ಒಮ್ಮೆ ನೋಡಿದಳು. ಅಲ್ಲಿಯವರೆಗೆ ಅದು ಅವಳಿಗೆ ಒಳ್ಳೆಯ ನೆರೆಮನೆಯವರಂತೆ ಕಾಣುತ್ತಿತ್ತು.

“ಹಾಲು ಉಕ್ಕಿ ಒಲೆ ಮೇಲೆಲ್ಲ ಚೆಲ್ಲಿದ ಮೇಲೆ ಆರಿಸಿದ್ರೆ ಏನು ಬಂತು?” ತಂಗಿ ಮುಂದುವರಿಸಿದಳು. “ಉಕ್ಕೋಕೆ ಶುರುವಾದಾಗಲೇ ಆರಿಸಬೇಕು. ಈ ಫ್ಯೂಸ್ ಮಾಡೋದು ಅದನ್ನೇ. ಕರೆಂಟು ಏರ್ತಾ ಇರೋವಾಗಲೇ, ಇನ್ನೂ ತುದಿ ಮುಟ್ಟೋಕೆ ಮುಂಚೆ, ಬೆಳ್ಳಿ ಪಟ್ಟಿ ಕರಗಿ ತುಂಡಾಗುತ್ತೆ. ತುಂಡಾದ ಜಾಗದಲ್ಲಿ ಏಳೋ ಬೆಂಕೀನ ಮರಳು ಅಲ್ಲೇ ನುಂಗಿಬಿಡುತ್ತೆ. ಎಲ್ಲಾ ಕಣ್ಣು ಮಿಟುಕಿಸೋದಕ್ಕಿಂತ ಬೇಗ.”

“ಅಂದ್ರೆ ಅದು ಸಾಯುತ್ತೆ,” ಎಂದ ಗರಿಗರಿ ಅಣ್ಣ.

“ಸಾಯೋದೇ ಅದರ ಕೆಲಸ ಭಾವ.”

“ಕೆಲಸ ಮಾಡೋ ಯಂತ್ರಕ್ಕೆ ಸಾಯೋ ಕಾವಲುಗಾರ. ಚೆನ್ನಾಗಿದೆ. ಇವತ್ತೇ ಹೇಳಿರ್ತೀನಿ ಕೇಳು, ಈ ಪಿಂಗಾಣಿ ಗೊಂಬೆ ಒಂದು ದಿನ ಕೈ ಕೊಡುತ್ತೆ. ಆ ದಿನ ನೀನು ಸೋತೆ ಅಂತ ಒಪ್ಕೋಬೇಕು.”

ಕೊನೆಗೆ ಹೆಂಡತಿ ತೀರ್ಮಾನ ಕೊಟ್ಟಳು. ಹೊಸ ಯಂತ್ರ ನಡೆಸುವವಳು ತಾನು, ಅದಕ್ಕೆ ತಂಗಿಯ ಫ್ಯೂಸ್. ಇಸ್ತ್ರಿಯ ಲೈನು ಗಂಡನದು, ಅವನ ಹ್ಯಾಂಗರ್ ಅವನಿಗೆ. ತಂಗಿ ಎರಡನೆಯ ಮಾತಿಗೆ ತಲೆ ಚಚ್ಚಿಕೊಂಡಳು. ಆದರೂ ಮೊದಲನೆಯದಾದರೂ ಆಗಲಿ ಎಂದು ಯಂತ್ರಕ್ಕೆ ಬೇರೆಯೇ ಲೈನು ಎಳೆದು, ಬೇರೆ ಪೆಟ್ಟಿಗೆ ಕೂರಿಸಿ, ಮೂರೂ ಫ್ಯೂಸ್ ಹಾಕಿ ಹೋದಳು.

ಆಮೇಲೆ ಗರಿಗರಿ ಅಣ್ಣ ಒಂದು ಸಣ್ಣ ಕೆಲಸ ಮಾಡಿದ. ಗಂಜಿ ಪಾತ್ರೆಯ ಮುಚ್ಚಳ ಎಲ್ಲೋ ಕಳೆದುಹೋಗಿತ್ತು. ಹೊಸ ಯಂತ್ರದ ಹಿಂಬದಿಯಲ್ಲಿ ವೈರುಗಳು ಬಂದು ಸೇರುವ ಒಂದು ಡಬ್ಬಿ, ಅದಕ್ಕೆ ಅಚ್ಚುಕಟ್ಟಾದ ತಗಡಿನ ಮುಚ್ಚಳ. ಯಂತ್ರದ ಬೆನ್ನನ್ನು ಯಾರು ನೋಡುತ್ತಾರೆ ಎಂದುಕೊಂಡು, ಸ್ಕ್ರೂ ಬಿಚ್ಚಿ ಅದನ್ನು ತಂದು ಪಾತ್ರೆಯ ಮೇಲಿಟ್ಟ. ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಯಂತ್ರ ಮಾಡಿದವರು ಗಂಜಿಯ ಬೆಲೆ ತಿಳಿದವರೇ ಇರಬೇಕು ಎಂದು ಸಂತೋಷಪಟ್ಟ.

ಯಂತ್ರ ಚೆನ್ನಾಗಿ ನಡೆಯಿತು. ಆಸ್ಪತ್ರೆಯವರಿಗೂ ಕೆಲಸ ಹಿಡಿಸಿತು. ದಿನ ಕಳೆದಂತೆ ಗರಿಗರಿ ಅಣ್ಣನಿಗೆ ಒಳಗೊಳಗೇ ಒಂದು ಬೇಸರ ಹತ್ತಿಕೊಂಡಿತು. ಹಾಳಾದ ಫ್ಯೂಸು ಸಾಯುತ್ತಲೇ ಇಲ್ಲ.

ಒಂದು ಬೆಳಿಗ್ಗೆ, ಆಸ್ಪತ್ರೆಯ ಗಾಡಿ ಬರಲು ಇನ್ನು ಸ್ವಲ್ಪವೇ ಹೊತ್ತಿತ್ತು. ಯಂತ್ರದೊಳಗೆ ಕೊನೆಯ ರಾಶಿ ಹಾಸುಗಳು ತಿರುಗುತ್ತಿದ್ದವು. ಗರಿಗರಿ ಅಣ್ಣ ಮುಂದುಗಡೆ ಹೊದಿಕೆ ಮಡಿಸುತ್ತಿದ್ದ. ಇದ್ದಕ್ಕಿದ್ದಂತೆ ಹಿಂದಿನಿಂದ ‘ಟಪ್’ ಎಂದು ಒಂದು ಸದ್ದು ಬಂತು. ಪೆಟ್ಟಿಗೆಯ ಚಿಲಕ ಹಾಕಿದಷ್ಟು ಸದ್ದು, ಅದಕ್ಕಿಂತ ಹೆಚ್ಚಿಲ್ಲ. ಯಂತ್ರ ಉಸಿರು ಬಿಡುತ್ತಾ ನಿಂತಿತು.

“ಏನಾಯ್ತೇ?”

“ಏನೂ ಇಲ್ಲ ಕಣ್ರೀ. ಟಪ್ ಅಂತು, ಒಂದು ಕಿಡಿ ಕಂಡಂಗಾಯ್ತು, ಅಷ್ಟೇ,” ಎನ್ನುತ್ತಾ ಹೆಂಡತಿ ಕೈಯಲ್ಲಿ ಒಂದು ದಿಂಬಿನ ಚೀಲ ಹಿಡಿದುಕೊಂಡು ಯಂತ್ರದ ಹಿಂದಿನಿಂದ ಹೊರಬಂದಳು.

ಗರಿಗರಿ ಅಣ್ಣನ ಮುಖ ಊರಗಲ ಆಯಿತು. “ಹೋಯ್ತಾ? ಫ್ಯೂಸ್ ಹೋಯ್ತಲ್ವಾ? ನಾನು ಹೇಳಿರ್ಲಿಲ್ವಾ? ಫೋನ್ ಮಾಡು ನಿನ್ನ ತಂಗಿಗೆ, ಸೋತೆ ಅಂತ ಹೇಳು.”

ಹಿಗ್ಗಿನಲ್ಲಿ ಅವನು ಒಂದು ಸುತ್ತು ನಡೆದ. ಅಷ್ಟರಲ್ಲಿ ಯಂತ್ರದ ಗಾಜಿನ ಬಾಗಿಲಾಚೆ ಇನ್ನೂ ಒದ್ದೆಯಾಗಿರುವ ಹಾಸುಗಳು ಕಂಡವು. ಗೆದ್ದ ಮುಖ ಸಣ್ಣದಾಯಿತು. ಮರುಕ್ಷಣವೇ ಅವನ ಒಂದು ಕೈಯಲ್ಲಿ ಕಟ್ಟಿಂಗ್ ಪ್ಲೇಯರ್, ಇನ್ನೊಂದು ಕೈಯಲ್ಲಿ ಹ್ಯಾಂಗರ್ ಇತ್ತು.

ಹೆಂಡತಿ ಹೋಗಿ ಫ್ಯೂಸ್ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತಳು.

“ಪಕ್ಕಕ್ಕೆ ಬಾ. ಗಾಡಿ ಬರೋ ಹೊತ್ತು.”

“ಬರಲಿ.”

“ಆಸ್ಪತ್ರೆ ಕೆಲಸ ಕೈ ತಪ್ಪಿಹೋಗುತ್ತೆ ಕಣೇ.”

“ಯಂತ್ರ ಹೋದ್ರೆ ಆ ಕೆಲಸ ಏನಕ್ಕೆ, ನಾವಿಬ್ರೂ ಕೂತು ಊದಿ ಒಣಗಿಸ್ತೀವಾ? ಫ್ಯೂಸ್ ಯಾಕೆ ಹೋಯ್ತು ಅಂತ ಗೊತ್ತಾಗೋ ತನಕ ಇಲ್ಲಿ ನೀವು ಏನೂ ಹಾಕೋ ಹಾಗಿಲ್ಲ.”

“ಹೋಗೋದು ಅದರ ಬುದ್ಧಿ, ಹೋಯ್ತು. ಅದಕ್ಕೊಂದು ಕಾರಣ ಬೇರೆ ಬೇಕಾ?”

ಹೆಂಡತಿ ಕದಲಲಿಲ್ಲ. ಅವಳು ಹೀಗೆ ನಿಂತುಬಿಟ್ಟರೆ ಯಾವ ಗಂಜಿಯೂ ಅವಳ ಗರಿಗೆ ಸಮನಲ್ಲ ಎಂದು ಅವನಿಗೆ ಅನುಭವದಿಂದ ಗೊತ್ತಿತ್ತು. ಗೊಣಗುತ್ತಾ ಸ್ಟೂಲಿನ ಮೇಲೆ ಕುಳಿತ. ಅವಳು ನಿಂತಲ್ಲಿಂದಲೇ ತಂಗಿಗೆ ಫೋನ್ ಮಾಡಿದಳು.

ತಂಗಿ ಕೈಗೆ ಹತ್ತಿದ ಗ್ರೀಸನ್ನೂ ಒರೆಸದೆ ಬಂದಳು. “ಸೋತೆಯಲ್ಲಮ್ಮಾ?” ಎಂದ ಗರಿಗರಿ ಅಣ್ಣ.

“ಸೋಲೋಣ ಭಾವ, ಅದಕ್ಕೇನು, ಸ್ವಲ್ಪ ತಡೀರಿ.” ಅವಳು ಮೇನ್ ಸ್ವಿಚ್ ಆರಿಸಿ, ಮೀಟರ್ ಇಟ್ಟು ಕರೆಂಟಿಲ್ಲ ಎಂದು ಖಾತ್ರಿ ಮಾಡಿಕೊಂಡು, ಫ್ಯೂಸುಗಳನ್ನು ಹೊರತೆಗೆದು ನೋಡಿದಳು. ಮೂರರಲ್ಲಿ ಎರಡು ಹೋಗಿದ್ದವು. ಆಮೇಲೆ ಟಾರ್ಚ್ ಹಿಡಿದು ಯಂತ್ರದ ಹಿಂದೆ ಹೋದಳು.

“ಇಬ್ಬರೂ ಇಲ್ಲಿ ಬನ್ನಿ.”

ವೈರು ಸೇರುವ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಅದರೊಳಗಿನ ಎರಡು ಹಿತ್ತಾಳೆ ತುದಿಗಳ ಮೇಲೆ, ಮೇಲೆ ಬಟ್ಟೆ ನೇತುಹಾಕುವ ಕಂಬಿಯಿಂದ ಜಾರಿಬಿದ್ದ ಒಂದು ಹ್ಯಾಂಗರ್ ಅಡ್ಡಲಾಗಿ ಆರಾಮವಾಗಿ ಮಲಗಿತ್ತು. ತುದಿಗಳಿಗೆ ತಾಗಿದ ಎರಡು ಕಡೆ ಇರುವೆ ಕಚ್ಚಿದಷ್ಟು ಕಪ್ಪು ಗುರುತು ಬಿಟ್ಟರೆ ಬೇರೇನೂ ಆಗಿರಲಿಲ್ಲ.

“ಇದಕ್ಕೊಂದು ಮುಚ್ಚಳ ಇತ್ತು,” ಎಂದಳು ತಂಗಿ.

ಗರಿಗರಿ ಅಣ್ಣ ಸೂರು ನೋಡತೊಡಗಿದ. ಹೆಂಡತಿ ನಿಧಾನವಾಗಿ ಒಲೆಯ ಮೂಲೆಯ ಕಡೆ ತಿರುಗಿದಳು. ಗಂಜಿ ಪಾತ್ರೆಯ ಮೇಲೆ ತಗಡಿನ ಮುಚ್ಚಳ ಕೂತಿತ್ತು. ಅದರ ನಾಲ್ಕು ಮೂಲೆಯ ಸ್ಕ್ರೂ ತೂತುಗಳಿಂದ ಹಬೆ ನಾಲ್ಕು ಎಳೆಯಾಗಿ ಮೇಲೇಳುತ್ತಿತ್ತು.

ತಂಗಿಗೆ ನಗು ತಡೆಯಲಿಲ್ಲ. “ಶಾರ್ಟ್ ಮಾಡಿದ್ದು ಒಂದು ಹ್ಯಾಂಗರು. ನಿಮ್ಮ ಮಾತು ಕೇಳಿದ್ದಿದ್ರೆ ಕಾವಲಿಗೆ ಕೂತಿರ್ತಿದ್ದದ್ದೂ ಹ್ಯಾಂಗರೇ. ಕಳ್ಳನೂ ಪೊಲೀಸನೂ ಒಂದೇ ಮನೆಯವರು.”

ಗರಿಗರಿ ಅಣ್ಣ ಸುಲಭಕ್ಕೆ ಬಿಡುವವನಲ್ಲ. “ಆಗಿದ್ದಾದ್ರೂ ಏನು? ಏನೂ ಆಗಿಲ್ಲವಲ್ಲ. ಒಂದು ಟಪ್. ಇಷ್ಟಕ್ಕೆ ಎರಡು ಫ್ಯೂಸ್ ಬಲಿ.”

ತಂಗಿ ಹೋಗಿದ್ದ ಒಂದು ಫ್ಯೂಸನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ತಟ್ಟಿ ಒಡೆದಳು. ಬಟ್ಟೆ ಬಿಚ್ಚಿದಾಗ ಬಿಳಿ ಮರಳು ಉದುರಿತು. ನಡುವೆ ಮಾತ್ರ ಮರಳು ಕರಗಿ, ಕಿರುಬೆರಳಿನಷ್ಟು ದಪ್ಪಕ್ಕೆ ಗಟ್ಟಿಯಾಗಿ, ಕಪ್ಪುಗಾಜಿನಂತೆ ಅಂಟಿಕೊಂಡಿತ್ತು. ಬೆಳ್ಳಿ ಪಟ್ಟಿಯ ಸುಳಿವೇ ಇರಲಿಲ್ಲ.

“ಮುಟ್ಟಿ ನೋಡಿ ಭಾವ. ಮರಳು ಕರಗಬೇಕಾದ್ರೆ ಎಂಥಾ ಬೆಂಕಿ ಬೇಕು ಹೇಳಿ. ಅದು ಇದರ ಹೊಟ್ಟೆಯೊಳಗೇ ಎದ್ದು ಇದರ ಹೊಟ್ಟೆಯೊಳಗೇ ಆರಿತು. ಇದರ ಜಾಗದಲ್ಲಿ ನಿಮ್ಮ ಹ್ಯಾಂಗರ್ ಇದ್ದಿದ್ರೆ ಸುಲಭಕ್ಕೆ ಕರಗ್ತಿರಲಿಲ್ಲ. ಗೋಡೆ ಆಚೆಯಿಂದ ಸಾವಿರಗಟ್ಟಲೆ ಆಂಪ್ ನುಗ್ಗಿ, ಬೆಂಕಿಯೆಲ್ಲ ಆ ತೆರೆದ ಡಬ್ಬೀಲಿ ಏಳ್ತಿತ್ತು. ವೈರು ಸುಡ್ತಿತ್ತು, ಹಿತ್ತಾಳೆ ಕರಗಿ ಸಿಡೀತಿತ್ತು, ಸುತ್ತಲೂ ಬಟ್ಟೆ, ನೂಲಿನ ಧೂಳು. ಏನೂ ಆಗಿಲ್ಲ ಅಂತೀರಲ್ಲ, ಏನೂ ಆಗದ ಹಾಗೆ ಮಾಡಿದ್ದೇ ಇದು.”

ಗರಿಗರಿ ಅಣ್ಣನ ಕಣ್ಣು ಆ ಕಪ್ಪು ತುಂಡಿನಿಂದ ತೆರೆದ ಡಬ್ಬಿಗೆ, ಡಬ್ಬಿಯಿಂದ ಹೆಂಡತಿಯ ಕೈಲಿದ್ದ ದಿಂಬಿನ ಚೀಲಕ್ಕೆ ಹೋಯಿತು. ಅವಳು ಇನ್ನೂ ಅದನ್ನು ಕೆಳಗಿಟ್ಟಿರಲಿಲ್ಲ.

“ಟಪ್ ಅಂದಾಗ ನೀನೆಲ್ಲಿದ್ದೆ?” ಎಂದು ಕೇಳಿದ.

“ಇಲ್ಲೇ. ಇದು ಡಬ್ಬಿ ಕೆಳಗೆ ಬಿದ್ದಿತ್ತು. ಬಗ್ಗಿ ಎತ್ಕೋತಿದ್ದೆ.”

ಅವಳು ಸುಮ್ಮನೆ ಇದ್ದದ್ದನ್ನು ಹೇಳಿದಳು. ಅವನು ಕಣ್ಣಲ್ಲೇ ಅಳತೆ ಹಾಕಿದ. ಡಬ್ಬಿಗೂ ಅವಳ ಮುಖಕ್ಕೂ ಒಂದು ಗೇಣು ಅಂತರ. ಅಷ್ಟು ಹೊತ್ತು ಅವನು ಯಂತ್ರಕ್ಕಾಗಿ ಹೆದರಿದ್ದ, ಆಸ್ಪತ್ರೆಯ ಕೆಲಸಕ್ಕಾಗಿ ಹೆದರಿದ್ದ. ಈಗ ಅವನಿಗೆ ಬಂದದ್ದು ಬೇರೆಯೇ ಭಯ. ಅವಳಿಲ್ಲದ ಈ ಕೋಣೆ ಒಂದು ಕ್ಷಣ ಅವನ ಕಣ್ಣ ಮುಂದೆ ನಿಂತಿತು. ಅವನು ಅಲ್ಲೇ ಒದ್ದೆ ಬಟ್ಟೆಯ ಗಂಟಿನ ಮೇಲೆ, ಅಂಗಿಯ ಮಡಿಕೆಯ ಚಿಂತೆಯಿಲ್ಲದೆ ಕುಳಿತುಬಿಟ್ಟ.

“ಏನಾಯ್ತು ರೀ? ನೀರು ಬೇಕಾ?”

“ನೀನು ಇಲ್ಲಿ ಬಾ,” ಎಂದ. “ಆ ಕಡೆ ನಿಲ್ಲಬೇಡ. ಇಲ್ಲಿ ನನ್ನ ಹತ್ತಿರ ಬಾ.”

ತಂಗಿ ಡಬ್ಬಿಯನ್ನು ಒರೆಸಿ, ಮುಚ್ಚಳವನ್ನು ತೊಳೆದು ಒಣಗಿಸಿ ಕೂರಿಸಿದಳು. ಮೀಟರಿನಿಂದ ವೈರನ್ನೂ ಮೋಟಾರನ್ನೂ ಪರೀಕ್ಷಿಸಿದಳು. ಎರಡೂ ಸುಸ್ಥಿತಿಯಲ್ಲಿದ್ದವು. ಹೋಗಿದ್ದು ಎರಡೇ ಆದರೂ ಮೂರನೆಯದೂ ಅಷ್ಟಿಷ್ಟು ಪೆಟ್ಟು ತಿಂದಿರಬಹುದೆಂದು, ಅದೇ ಅಳತೆಯ ಹೊಸ ಫ್ಯೂಸನ್ನು ಮೂರು ಕಡೆಗೂ ಹಾಕಿದಳು. ಯಂತ್ರ ಮತ್ತೆ ತಿರುಗಿತು. ಹಾಸುಗಳು ಒಣಗುವ ಹೊತ್ತಿಗೆ ಆಸ್ಪತ್ರೆಯ ಗಾಡಿಯವನು ಹೊರಗೆ ಕಾದು ಕಾದು ಹಾರನ್ ಒತ್ತುತ್ತಿದ್ದ.

“ಯಾಕಣ್ಣಾ ತಡ?” ಎಂದು ಅವನು ಕೇಳಿದ. “ಮೇಲಿನವರಿಗೆ ನಾನೇನು ಹೇಳಲಿ?”

ಇನ್ನೊಂದು ದಿನವಾಗಿದ್ದರೆ ಗರಿಗರಿ ಅಣ್ಣ ಏನಾದರೂ ಬೊಗಳೆ ಬಿಡುತ್ತಿದ್ದ. “ನನ್ನ ತಪ್ಪಿಗೆ ಎರಡು ಫ್ಯೂಸ್ ಪ್ರಾಣ ಕೊಟ್ವು ಅಂತ ಹೇಳಪ್ಪ,” ಎಂದ. ಗಾಡಿಯವನಿಗೆ ತಲೆಬುಡ ಅರ್ಥವಾಗಲಿಲ್ಲ. ಹಾಸುಗಳನ್ನು ಹೇರಿಕೊಂಡು ಹೋದ.

ಇಸ್ತ್ರಿಯ ಲೈನಿನ ಹ್ಯಾಂಗರ್ ಅದೇ ದಿನ ಹೊರಬಂತು. ತಂಗಿ ಲೈನುಗಳನ್ನು ಬೇರೆ ಬೇರೆ ಮಾಡಿ, ಒಂದೊಂದಕ್ಕೂ ತಕ್ಕ ಫ್ಯೂಸ್ ಹಾಕುವವರೆಗೂ ಗರಿಗರಿ ಅಣ್ಣ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದ. ನಡುವೆ ಒಮ್ಮೆಯೂ ಸಲಹೆ ಕೊಡಲಿಲ್ಲ. ಅಕ್ಕ ತಂಗಿಯರಿಬ್ಬರಿಗೂ ಅದು ಯಂತ್ರ ಉಳಿದದ್ದಕ್ಕಿಂತ ದೊಡ್ಡ ಆಶ್ಚರ್ಯ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮ ಮನೆಯ, ಅಂಗಡಿಯ, ಗಿರಣಿಯ ಫ್ಯೂಸಿನ ಜಾಗದಲ್ಲಿ ಏನು ಕೂತಿದೆ? ನೀವೇ ಕೈ ಹಾಕಬೇಡಿ, ಕೆಲಸ ಬಲ್ಲ ಎಲೆಕ್ಟ್ರೀಷಿಯನ್ ಒಬ್ಬರನ್ನು ಕರೆದು ತೋರಿಸಿ. ದಪ್ಪ ತಂತಿ, ಮೊಳೆ, ತಗಡು ಏನಿದ್ದರೂ ತೆಗೆಸಿ. ದೊಡ್ಡ ಯಂತ್ರವಿದ್ದರೆ, ಟ್ರಾನ್ಸ್‌ಫಾರ್ಮರ್ ಹತ್ತಿರವಿದ್ದರೆ, ಶಾರ್ಟ್ ಆದಾಗ ಕರೆಂಟನ್ನು ಏರಲು ಬಿಡದ ಎಚ್‌ಆರ್‌ಸಿ ಫ್ಯೂಸ್ ಬೇಕೇ, ಎಷ್ಟು ಆಂಪಿನದು ಬೇಕು ಎಂದು ಅವರನ್ನೇ ಕೇಳಿ. ಫ್ಯೂಸ್ ಹೋದರೆ ಅದನ್ನು ಬೈಯಬೇಡಿ, ಯಾಕೆ ಹೋಯಿತು ಎಂದು ಹುಡುಕಿಸಿ, ಆಮೇಲೆ ಅದೇ ಅಳತೆಯದನ್ನು ಹಾಕಿಸಿ. ವೈರಿನ ಡಬ್ಬಿಯ ಮುಚ್ಚಳ ಡಬ್ಬಿಯ ಮೇಲೇ ಇರಲಿ. ಇನ್ನೊಂದು ಮಾತು, ಒಳ್ಳೆಯ ಫ್ಯೂಸ್ ಇದೆಯೆಂದು ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ. ಫ್ಯೂಸ್ ಕಾಯುವುದು ವೈರನ್ನು ಮತ್ತು ಯಂತ್ರವನ್ನು. ಮೈಗೆ ಹೊಡೆಯುವ ಶಾಕಿಗೆ ಬೇರೆಯೇ ರಕ್ಷಣೆ ಬೇಕು, ಅದನ್ನೂ ಎಲೆಕ್ಟ್ರೀಷಿಯನ್ ಹತ್ತಿರ ಕೇಳಿ ಹಾಕಿಸಿಕೊಳ್ಳಿ.

ಹೋದ ಫ್ಯೂಸಿಗೆ ಬದಲಾಗಿ ಇನ್ನೊಂದು ಅಂಗಡಿಯಲ್ಲಿ ಸಿಗುತ್ತದೆ. ಯಂತ್ರದ ಪಕ್ಕದಲ್ಲಿ ಬಗ್ಗಿ ದಿಂಬಿನ ಚೀಲ ಎತ್ತಿಕೊಳ್ಳುತ್ತಿರುವವರಿಗೆ ಬದಲಾಗಿ ಇನ್ನೊಬ್ಬರು ಎಲ್ಲಿಯೂ ಸಿಗುವುದಿಲ್ಲ.